ವಸಂತನರಸಾಪುರದ ಒಂದು ಸರ್ವರ್ ಮತ್ತು 7.8 ಅಂಕ

ತುಮಕೂರಿನ ಸಣ್ಣ ಕಾರ್ಖಾನೆಗಳ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಅಂತರಸನಹಳ್ಳಿ, ಸತ್ಯಮಂಗಲ, ಹಿರೇಹಳ್ಳಿ, ವಸಂತನರಸಾಪುರ ಹೀಗೆ ಊರ ಸುತ್ತಲಿನ ಕೈಗಾರಿಕಾ ಪ್ರದೇಶಗಳಲ್ಲೇ ಓಡಾಟ. ಇಲ್ಲಿ ಬಹಳ ಕಡೆ ಐಟಿ ವಿಭಾಗ ಅಂತ ಬೇರೆ ಇರುವುದಿಲ್ಲ. ಇರುವುದು ಒಂದೇ ಸರ್ವರ್. ಲೆಕ್ಕ ಬರೆಯುವ ಟ್ಯಾಲಿ ಅದರಲ್ಲೇ, ಫೈಲ್‌ಗಳು ಅದರಲ್ಲೇ. ಅಕೌಂಟ್ಸ್‌ನವರು, ಸ್ಟೋರ್ಸ್‌ನವರು, ಡಿಸ್ಪ್ಯಾಚ್ ಹುಡುಗರು ಎಲ್ಲರೂ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅದೇ ಸರ್ವರ್‌ಗೆ ಲಾಗಿನ್ ಆಗಿ ಬಿಲ್ ಹಾಕುತ್ತಾರೆ.

2025ರ ಡಿಸೆಂಬರ್‌ನಲ್ಲಿ ವಿಂಡೋಸ್ ಅಡ್ಮಿನ್ ಸೆಂಟರ್‌ನ ಒಂದು ದೋಷ ಹೊರಬಂತು. ಸಿವಿಇ-2025-64669 ಅದರ ಸಂಖ್ಯೆ. ಬಯಲಾದ ಸಾಫ್ಟ್‌ವೇರ್ ದೋಷಗಳಿಗೆ ಕೊಡುವ ಗುರುತು ಸಂಖ್ಯೆಯೇ ಸಿವಿಇ. ಕಂಡುಹಿಡಿದವರು ಸೈಮ್ಯುಲೇಟ್ ಎಂಬ ಸಂಸ್ಥೆಯ ಸಂಶೋಧಕರು. ಅಡ್ಮಿನ್ ಸೆಂಟರ್ ಅಂದರೆ ಬ್ರೌಸರ್‌ನಲ್ಲೇ ಕೂತು ಆಫೀಸಿನ ಸರ್ವರ್, ಕ್ಲೌಡ್‌ನ ಸರ್ವರ್ ಎರಡನ್ನೂ ನಡೆಸಲು ಮೈಕ್ರೋಸಾಫ್ಟ್ 2018ರಲ್ಲಿ ತಂದ ಸಾಫ್ಟ್‌ವೇರ್. ನನ್ನಂಥವರಿಗೆ ಅದು ದಿನಾ ಬೇಕು. ದೋಷದ ತೀವ್ರತೆಗೆ ಕೊಟ್ಟಿದ್ದ ಅಂಕ 10ಕ್ಕೆ 7.8. ಪಕ್ಕದಲ್ಲಿ ‘ಲೋಕಲ್’ ಅನ್ನುವ ಗುರುತು. ಹೊರಗಿನಿಂದ ನೇರವಾಗಿ ನುಗ್ಗಲು ಆಗುವುದಿಲ್ಲ, ಆ ಯಂತ್ರದಲ್ಲಿ ಮೊದಲೇ ಒಂದು ಸಾಮಾನ್ಯ ಲಾಗಿನ್ ಇರಬೇಕು ಅಂತ ಅದರ ಅರ್ಥ. ಆ ಲಾಗಿನ್ ಇದ್ದವರು ಈ ದೋಷ ಹಿಡಿದು ಸಿಸ್ಟಮ್ ಮಟ್ಟಕ್ಕೆ, ಅಂದರೆ ಅಡ್ಮಿನ್‌ಗಿಂತಲೂ ಮೇಲಕ್ಕೆ ಹೋಗಬಹುದು.

ಲೋಕಲ್ ಅಂತ ಕಂಡ ಕೂಡಲೇ ಎಷ್ಟೋ ಜನ ಅದನ್ನು ಬದಿಗಿಡುತ್ತಾರೆ. ಮುಂದಿನ ತಿಂಗಳ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಜೊತೆ ಹಾಕಿದರಾಯಿತು ಅನ್ನುತ್ತಾರೆ. ದೊಡ್ಡ ಕಂಪನಿಗಳಲ್ಲಿ ಆ ಲೆಕ್ಕಾಚಾರ ಸ್ವಲ್ಪ ನಡೆದೀತು. ಅಲ್ಲಿ ಅಡ್ಮಿನ್ ಬಿಟ್ಟರೆ ಸರ್ವರ್‌ಗೆ ಯಾರೂ ಲಾಗಿನ್ ಆಗುವುದಿಲ್ಲ. ನಮ್ಮ ಕಡೆ ಇಡೀ ಆಫೀಸೇ ಸರ್ವರ್ ಒಳಗೆ ಕೂತಿರುತ್ತದೆ. ಇಲ್ಲಿ ಎಲ್ಲರೂ ಲೋಕಲ್ಲೇ, ಅಲ್ವಾ? ಹಾಗಾಗಿ ನಾನು ಅದನ್ನು ಮುಂದೂಡಲಿಲ್ಲ. ಆ ಶನಿವಾರವೇ ವಸಂತನರಸಾಪುರಕ್ಕೆ ಹೊರಟೆ.

ಅಲ್ಲಿ ನಮ್ಮ ಗ್ರಾಹಕರ ಒಂದು ತೆಂಗಿನ ಪೌಡರ್ ಕಾರ್ಖಾನೆ ಇದೆ. ತಿಪಟೂರು, ಚಿಕ್ಕನಾಯಕನಹಳ್ಳಿ, ಗುಬ್ಬಿ ಕಡೆಯಿಂದ ಕಾಯಿ ಬರುತ್ತದೆ, ಪೌಡರ್ ಆಗಿ ಹೊರ ರಾಜ್ಯಗಳಿಗೆ ಹೋಗುತ್ತದೆ. ಸಂಜೆ ಲೋಡಿಂಗ್ ಮುಗಿದ ಮೇಲೆ ಸರ್ವರ್ ಮುಟ್ಟಬೇಕು, ಇಲ್ಲದಿದ್ದರೆ ಲಾರಿಗಳು ಗೇಟಿನಲ್ಲೇ ನಿಲ್ಲುತ್ತವೆ. ಶಿರಾ ರಸ್ತೆಯಲ್ಲಿ ಕೋರ ದಾಟಿ ಕಾರ್ಖಾನೆ ತಲುಪಿದಾಗ ಅಕೌಂಟ್ಸ್ ಮೇಡಂ ಇನ್ನೂ ಕೂತಿದ್ದರು.

“ಏನ್ ಸರ್, ವೈರಸ್ ಬಂದೈತಾ?”

“ಇಲ್ಲ ಮೇಡಂ. ಬರೋಕೆ ದಾರಿ ಇದೆಯಾ ಅಂತ ನೋಡೋಕೆ ಬಂದೆ.”

“ಹಂಗಾದ್ರೆ ಸ್ವಲ್ಪ ತಡೀರಿ. ಒಂದು ಲೋಡಿಂದು ಇ-ವೇ ಬಿಲ್ ಬಾಕಿ ಇದೆ.”

ಬಿಲ್ ಮುಗಿಯಿತು. ಡಿಸ್ಪ್ಯಾಚ್ ಹುಡುಗನನ್ನು ಕರೆದು, ಅವನ ಲಾಗಿನ್ ಅವನೇ ಹಾಕಲಿ ಅಂದೆ. ಅವನ ಲಾಗಿನ್ ಅಂದರೆ ಅವನೊಬ್ಬನದ್ದಲ್ಲ. ‘ಡಿಸ್ಪ್ಯಾಚ್’ ಅಂತ ಒಂದೇ ಹೆಸರು, ಪಾಳಿಯಲ್ಲಿ ಯಾರಿದ್ದರೂ ಅದೇ. ಪಾಸ್‌ವರ್ಡ್ ಚೀಟಿ ಲಾರಿ ತೂಗುವ ವೇ ಬ್ರಿಡ್ಜ್ ಕೋಣೆಯ ಮಾನಿಟರ್‌ಗೆ ಅಂಟಿಸಿತ್ತು. ಅದರಿಂದ ಒಳಗೆ ಹೋಗಿ, ಅಡ್ಮಿನ್ ಸೆಂಟರ್ ತನ್ನ ಫೈಲ್‌ಗಳನ್ನು ಇಟ್ಟುಕೊಳ್ಳುವ ಫೋಲ್ಡರ್ ಮೇಲೆ ಐಕ್ಯಾಕಲ್ಸ್ ಕಮಾಂಡ್ ಓಡಿಸಿದೆ. ಯಾರು ಯಾರಿಗೆ ಏನೇನು ಅನುಮತಿ ಅಂತ ಅದು ತೋರಿಸುತ್ತದೆ. ‘ಯೂಸರ್ಸ್’ ಗುಂಪಿಗೆ ಬರೆಯುವ ಅನುಮತಿ ಇತ್ತು. ಖಾತ್ರಿಗೆ ಒಂದು ಖಾಲಿ ಟೆಕ್ಸ್ಟ್ ಫೈಲ್ ಇಡಲು ನೋಡಿದೆ. ಇಟ್ಟುಕೊಂಡಿತು. ಆ ಫೈಲ್ ಅಳಿಸಿದೆ. ಅದಕ್ಕಿಂತ ಮುಂದೆ ಹೋಗುವ ಅಗತ್ಯ ಇರಲಿಲ್ಲ. ನಡೆಯುತ್ತಿರುವ ಕಾರ್ಖಾನೆಯ ಸರ್ವರ್ ಮೇಲೆ ದಾಳಿಯ ಪ್ರಯೋಗ ಮಾಡಬಾರದು.

ಖಾಲಿ ಫೈಲ್ ಇಟ್ಟರೆ ಏನಾಗುತ್ತದೆ ಅಂತ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ವಿಂಡೋಸ್‌ನಲ್ಲಿ ‘ಪ್ರೋಗ್ರಾಮ್‌ಡೇಟಾ’ ಅಂತ ಒಂದು ಫೋಲ್ಡರ್ ಇದೆ. ಎಲ್ಲ ಸಾಫ್ಟ್‌ವೇರ್‌ಗಳೂ ತಮ್ಮ ಸಾಮಾನು ಅಲ್ಲಿ ಇಡುತ್ತವೆ. ಅದರ ಮೂಲ ವ್ಯವಸ್ಥೆ ಸಡಿಲ. ಅದರೊಳಗಿನ ಹೊಸ ಫೋಲ್ಡರ್‌ಗಳಲ್ಲಿ ಸಾಮಾನ್ಯ ಬಳಕೆದಾರರೂ ಫೈಲ್ ಹುಟ್ಟಿಸಬಹುದು. ಸಾಫ್ಟ್‌ವೇರ್ ಬರೆದವರು ತಮ್ಮ ಫೋಲ್ಡರ್ ಅನ್ನು ತಾವೇ ಬಿಗಿ ಮಾಡಬೇಕು. ಮಾಡದೆ ಬಿಟ್ಟರೆ ಆ ಸಡಿಲ ಅನುಮತಿ ಹಾಗೇ ಉಳಿಯುತ್ತದೆ. ಅಪ್‌ಡೇಟ್ ಆಗುವಾಗ ಅಡ್ಮಿನ್ ಸೆಂಟರ್‌ನ ಕೆಲಸ ದೊಡ್ಡ ಅಧಿಕಾರದಲ್ಲಿ ನಡೆಯುತ್ತದೆ. ಆಗ ಈ ಫೋಲ್ಡರ್‌ನಿಂದ ಎತ್ತಿಕೊಂಡ ಫೈಲ್ ಕೂಡ ಅದೇ ಅಧಿಕಾರದಲ್ಲಿ ಓಡುತ್ತದೆ. ಯಜಮಾನರು ಓದದೆ ಸಹಿ ಹಾಕುವ ಫೈಲಿನೊಳಗೆ ಯಾರೋ ತಮ್ಮದೊಂದು ಹಾಳೆ ಸೇರಿಸಿದ ಹಾಗೆ. ಹುಡುಗನಿಗೆ ತಕ್ಷಣ ಅರ್ಥವಾಯಿತು.

ಹೊಸ ಆವೃತ್ತಿ ಹಾಕಿದೆ. ಅದೇ ‘ಡಿಸ್ಪ್ಯಾಚ್’ ಲಾಗಿನ್‌ನಿಂದ ಮತ್ತೆ ಫೈಲ್ ಇಡಲು ಹೋದೆ, ‘ಆಕ್ಸೆಸ್ ಡಿನೈಡ್’ ಅಂತ ಬಂತು. ಪ್ಯಾಚ್ ಕೆಲಸ ಅಷ್ಟೇ. ಆದರೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಯಾಕೆಂದರೆ ಈ ಸರ್ವರ್ ಒಂಟಿಯಲ್ಲ, ಕ್ಲೌಡ್‌ಗೂ ಕಟ್ಟಿಕೊಂಡಿದೆ.

ಅದನ್ನು ಕಟ್ಟಿರುವುದು ಅಝೂರ್ ಆರ್ಕ್. ನಮ್ಮ ಕೋಣೆಯಲ್ಲಿರುವ ಸರ್ವರ್ ಅನ್ನೂ ಅಝೂರ್ ಕ್ಲೌಡ್‌ನ ಪಟ್ಟಿಯಲ್ಲಿ ತೋರಿಸಿ, ಅಲ್ಲಿಂದಲೇ ನಿಗಾ, ಪ್ಯಾಚ್ ಎಲ್ಲ ಮಾಡುವ ವ್ಯವಸ್ಥೆ. ಮೈಕ್ರೋಸಾಫ್ಟ್ ಇದನ್ನು 2019ರ ನವೆಂಬರ್‌ನಲ್ಲಿ ಘೋಷಿಸಿತ್ತು. ಸರ್ವರ್‌ನಲ್ಲಿ ಏಜೆಂಟ್ ಅಂತ ಒಂದು ಸಣ್ಣ ಪ್ರೋಗ್ರಾಮ್ ಕೂರುತ್ತದೆ. ಆ ಯಂತ್ರಕ್ಕೆ ಕ್ಲೌಡ್‌ನಲ್ಲಿ ಒಂದು ಸ್ವಂತ ಗುರುತು ಸಿಗುತ್ತದೆ. ಯಂತ್ರದೊಳಗಿನ ಪ್ರೋಗ್ರಾಮ್ 40342ನೇ ಪೋರ್ಟ್‌ನಲ್ಲಿ ಏಜೆಂಟ್ ಹತ್ತಿರ ಕೇಳಿದರೆ ಆ ಗುರುತಿನ ಟೋಕನ್, ಅಂದರೆ ಪಾಸ್‌ವರ್ಡ್ ಬದಲು ತೋರಿಸುವ ಪಾಸ್, ಕೊಡುತ್ತದೆ. ಎಲ್ಲರಿಗೂ ಕೊಡುವುದಿಲ್ಲ. ಅಡ್ಮಿನ್, ಸಿಸ್ಟಮ್, ಮತ್ತೆ ಅದಕ್ಕೆಂದೇ ಇರುವ ಒಂದು ಗುಂಪಿಗೆ ಮಾತ್ರ. ವ್ಯವಸ್ಥೆ ಸರಿಯಾಗಿಯೇ ಇದೆ. ಆದರೆ ಬಿಲ್ ಹಾಕುವ ಲಾಗಿನ್ ಸಿಸ್ಟಮ್ ಆಗಿಬಿಟ್ಟರೆ ಆ ಟೋಕನ್ ಅದಕ್ಕೂ ಸಿಗುತ್ತದೆ.

ಸರಿ, ಈ ಯಂತ್ರದ ಗುರುತಿಗೆ ಕ್ಲೌಡ್‌ನಲ್ಲಿ ಏನು ಅಧಿಕಾರ ಇದೆ ಅಂತ ನೋಡಿದೆ. ಅಲ್ಲೇ ನನಗೆ ಎದೆ ಧಸಕ್ಕೆಂದಿದ್ದು. ಬ್ಯಾಕಪ್ ಸ್ಕ್ರಿಪ್ಟ್ ಓಡಲಿ ಅಂತ ಹಿಂದೆ ಯಾರೋ ಅದಕ್ಕೆ ‘ಕಾಂಟ್ರಿಬ್ಯೂಟರ್’, ಅಂದರೆ ಬದಲಾವಣೆ ಮಾಡುವ ಅಧಿಕಾರ ಕೊಟ್ಟಿದ್ದರು. ಅದೂ ಇಡೀ ರಿಸೋರ್ಸ್ ಗ್ರೂಪ್‌ಗೆ, ಅಂದರೆ ಕ್ಲೌಡ್‌ನಲ್ಲಿ ಒಟ್ಟಿಗೆ ಇಟ್ಟ ಸಾಮಾನುಗಳ ಗುಂಪಿಗೆ. ಅದೇ ಗ್ರೂಪ್‌ನಲ್ಲಿ ಬೆಂಗಳೂರು ಆಫೀಸಿನ ಸರ್ವರ್ ಕೂಡ ಆರ್ಕ್ ಮೂಲಕ ಸೇರಿತ್ತು. ಕಾಂಟ್ರಿಬ್ಯೂಟರ್ ಇದ್ದವರು ಆ ಸರ್ವರ್‌ಗೆ ಎಕ್ಸ್‌ಟೆನ್ಶನ್, ಅಂದರೆ ಏಜೆಂಟ್‌ಗೆ ಸೇರಿಸುವ ಹೆಚ್ಚುವರಿ ಪ್ರೋಗ್ರಾಮ್, ಕಳಿಸಬಹುದು. ಸ್ಕ್ರಿಪ್ಟ್ ಓಡಿಸುವ ಎಕ್ಸ್‌ಟೆನ್ಶನ್ ಕಳಿಸಿದರೆ ಅದು ಅಲ್ಲಿ ಸಿಸ್ಟಮ್ ಮಟ್ಟದಲ್ಲೇ ಓಡುತ್ತದೆ.

ಹಳೆಯ ಡೆಲಿವರಿ ಚಲನ್ ಒಂದರ ಹಿಂಬದಿಯಲ್ಲಿ ದಾರಿ ಬರೆದೆ. ವೇ ಬ್ರಿಡ್ಜ್ ಕೋಣೆಯ ಚೀಟಿ. ಅಲ್ಲಿಂದ ‘ಡಿಸ್ಪ್ಯಾಚ್’ ಲಾಗಿನ್. ಅಲ್ಲಿಂದ ಸಡಿಲ ಫೋಲ್ಡರ್, ಸಿಸ್ಟಮ್. ಅಲ್ಲಿಂದ ಟೋಕನ್, ಕ್ಲೌಡ್. ಕ್ಲೌಡ್‌ನಿಂದ ಕೆಳಗಿಳಿದು ಬೆಂಗಳೂರಿನ ಸರ್ವರ್. ನಡುವೆ ಎಲ್ಲೂ ಇನ್ನೊಂದು ಪಾಸ್‌ವರ್ಡ್ ಕೇಳುವುದಿಲ್ಲ. ಲೋಕಲ್ ಅಂತ ಹೆಸರಿಟ್ಟ ದೋಷ ಎರಡು ಊರು ದಾಟಿತ್ತು.

ಇದು ಹೊಸ ಕಥೆಯೇನಲ್ಲ. 2021ರ ಸೆಪ್ಟೆಂಬರ್‌ನಲ್ಲಿ ವಿಝ್ ಎಂಬ ಭದ್ರತಾ ಸಂಸ್ಥೆಯವರು ಮೈಕ್ರೋಸಾಫ್ಟ್‌ನ ಓಎಂಐ ಎಂಬ ಏಜೆಂಟ್‌ನಲ್ಲಿ ನಾಲ್ಕು ದೋಷ ಹೊರಗೆಡವಿದ್ದರು. ‘ಓಮಿಗಾಡ್’ ಅಂತ ಅದಕ್ಕೆ ಹೆಸರು ಬಿತ್ತು. ಅಝೂರ್‌ನ ಲಿನಕ್ಸ್ ಯಂತ್ರಗಳಲ್ಲಿ ಕೆಲವು ಸೇವೆಗಳನ್ನು ಆನ್ ಮಾಡಿದರೆ ಆ ಏಜೆಂಟ್ ಹೇಳದೆ ಕೇಳದೆ ಬಂದು ಕೂರುತ್ತಿತ್ತು, ಲಿನಕ್ಸ್‌ನ ಅತಿ ದೊಡ್ಡ ಅಧಿಕಾರವಾದ ರೂಟ್‌ನಲ್ಲಿ ಓಡುತ್ತಿತ್ತು. ನಾಲ್ಕರಲ್ಲಿ ಒಂದಕ್ಕೆ 9.8 ಅಂಕ. ತಾವು ಯಾರು ಅಂತ ತೋರಿಸುವ ದೃಢೀಕರಣದ ಹೆಡರ್ ಕಳಿಸದೇ ಇದ್ದರೆ ಸಾಕು, ಕಮಾಂಡ್ ರೂಟ್ ಆಗಿ ಓಡುತ್ತಿತ್ತು. ಉಳಿದ ಮೂರು ಅಧಿಕಾರ ಏರಿಸಿಕೊಳ್ಳುವ ದೋಷಗಳು. ಸರ್ವರ್ ಕಾಯಲೆಂದು ಇಟ್ಟ ಸಾಫ್ಟ್‌ವೇರ್‌ಗೇ ಎಲ್ಲಕ್ಕಿಂತ ದೊಡ್ಡ ಅಧಿಕಾರ ಇರುತ್ತದೆ. ಅದರಲ್ಲಿ ಸಣ್ಣ ಬಿರುಕು ಬಿಟ್ಟರೂ ಕಳೆದುಕೊಳ್ಳುವುದು ಪೂರ್ತಿ ಯಂತ್ರವನ್ನೇ. ಈ ಏಜೆಂಟ್‌ಗಳ ಪಟ್ಟಿ ಇಟ್ಟುಕೊಳ್ಳದೆ ಸರ್ವರ್ ನೋಡಿಕೊಳ್ಳುತ್ತೇನೆ ಅನ್ನುವುದರಲ್ಲಿ ಅರ್ಥವಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಮಾಲೀಕರಿಗೆ ಫೋನ್ ಮಾಡಿದೆ. ತಿಪಟೂರಿನಲ್ಲಿ ನೆಂಟರ ಮನೆಯಲ್ಲಿದ್ದರು. ಎಲ್ಲ ಕೇಳಿಸಿಕೊಂಡರು.

“ನಮ್ ಹುಡುಗ್ರು ಅಂಥವರಲ್ಲಪ್ಪ.”

“ಹುಡುಗರ ಮೇಲೆ ಅನುಮಾನ ಅಲ್ಲ ಸರ್. ಅವರ ಲಾಗಿನ್ ಬೇರೆಯವರ ಕೈಗೆ ಹೋದರೆ ಅಂತ ನನ್ನ ಭಯ. ಎಲ್ಲರಿಗೂ ಒಂದೇ ಲಾಗಿನ್ ಇದ್ದರೆ ನಾಳೆ ಏನಾದರೂ ಆದಾಗ ಯಾರು ಅಂತ ಗೊತ್ತಾಗಲ್ಲ. ಸುಮ್ನೆ ಇವರ ಮೇಲೇ ಬರುತ್ತೆ.”

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಹೌದು, ಅದು ತಪ್ಪಾಗುತ್ತೆ. ಏನ್ ಮಾಡ್ಬೇಕೋ ಮಾಡಿ” ಅಂದರು.

ನನಗೆ ಈ ವಿಷಯ ಜಾಸ್ತಿ ಕಾಡುತ್ತದೆ. ಡಿಸ್ಪ್ಯಾಚ್‌ನಲ್ಲಿ ಇರುವವರು ಗುತ್ತಿಗೆ ಹುಡುಗರು. ಸುತ್ತಲಿನ ಹಳ್ಳಿಗಳಿಂದ ಬಂದವರು, ಐಟಿಐ ಮುಗಿಸಿದವರು. ಬರುತ್ತಾರೆ, ಬೇರೆ ಕೆಲಸ ಸಿಕ್ಕರೆ ಹೋಗುತ್ತಾರೆ. ಬಿಟ್ಟು ಹೋದವರಿಗೂ ಆ ಪಾಸ್‌ವರ್ಡ್ ಗೊತ್ತು. ಅವರ ಲಾಗಿನ್‌ನಿಂದ ಸರ್ವರ್ ಹಾಳಾದರೆ ಪೊಲೀಸ್ ಠಾಣೆ ಮೆಟ್ಟಿಲು ಹತ್ತುವವರು ಅವರೇ. ದೋಷ ಎಲ್ಲೋ ದೂರದ ದೇಶದಲ್ಲಿ ಬರೆದ ಸಾಫ್ಟ್‌ವೇರ್‌ನದ್ದು, ಅಧಿಕಾರ ಕೊಟ್ಟವರು ಇನ್ಯಾರೋ. ಆದರೆ ಲಾಗ್‌ನಲ್ಲಿ ಉಳಿಯುವ ಹೆಸರು ‘ಡಿಸ್ಪ್ಯಾಚ್’. ಭದ್ರತೆಯ ಮಾತು ಬಂದಾಗ ನಾವು ಕಂಪನಿಯ ಡೇಟಾ ಬಗ್ಗೆ ಮಾತ್ರ ಯೋಚಿಸುತ್ತೇವೆ. ಆ ಲಾಗಿನ್ ಬಳಸುವವರ ರಕ್ಷಣೆಯೂ ಅದರಲ್ಲೇ ಇದೆ.

ರಾತ್ರಿಯವರೆಗೂ ಕೆಲಸ ನಡೆಯಿತು. ಮೊದಲು ಆ ಕಾಂಟ್ರಿಬ್ಯೂಟರ್ ಅಧಿಕಾರ ಕಿತ್ತುಹಾಕಿ, ಬ್ಯಾಕಪ್ ಸ್ಟೋರೇಜ್‌ಗೆ ಮಾತ್ರ ಬರೆಯುವಷ್ಟು ಕೊಟ್ಟೆ. ಆರ್ಕ್ ಏಜೆಂಟ್‌ನಲ್ಲಿ ಯಾವ ಎಕ್ಸ್‌ಟೆನ್ಶನ್ ಬರಬಹುದು ಅಂತ ಸರ್ವರ್ ಕಡೆಯಿಂದಲೇ ಪಟ್ಟಿ ಹಾಕಬಹುದು. ನಿಗಾ ಮತ್ತು ಪ್ಯಾಚ್‌ಗೆ ಬೇಕಾದವನ್ನಷ್ಟೇ ಬಿಟ್ಟೆ. ಪಟ್ಟಿಯಲ್ಲಿ ಇಲ್ಲದ್ದನ್ನು ಕ್ಲೌಡ್‌ನಿಂದ ಯಾರೇ ಕಳಿಸಿದರೂ ಏಜೆಂಟ್ ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನ ಸರ್ವರ್‌ಗೂ ಅದನ್ನೇ ಮಾಡಿದೆ.

ಮೊದಲೇ ಯಾರಾದರೂ ಈ ದಾರಿ ಬಳಸಿದ್ದಾರಾ ಅಂತ ನೋಡುವುದು ಇದಕ್ಕಿಂತ ಕಷ್ಟ. ಫೋಲ್ಡರ್‌ನಲ್ಲಿ ಅಡ್ಮಿನ್ ಅಲ್ಲದವರ ಹೆಸರಿನಲ್ಲಿ ಹುಟ್ಟಿದ ಫೈಲ್ ಇದೆಯಾ ಹುಡುಕಿದೆ, ಇರಲಿಲ್ಲ. ಲಾಗಿನ್ ದಾಖಲೆ 4624, ಪ್ರೋಗ್ರಾಮ್ ಶುರುವಾದ ದಾಖಲೆ 4688, ಇವೆರಡನ್ನೂ ತೆಗೆದು ನೋಡಿದೆ. ಅನುಮಾನ ಬರುವಂಥದ್ದು ಸಿಗಲಿಲ್ಲ. ಆದರೆ ಲಾಗ್‌ನ ಗಾತ್ರ ಚಿಕ್ಕದು, ಹಳೆಯದೆಲ್ಲ ಅಳಿಸಿಹೋಗಿತ್ತು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ 180 ದಿನಗಳ ಲಾಗ್ ಇಟ್ಟುಕೊಳ್ಳಬೇಕು. ಲಾಗ್ ಕ್ಲೌಡ್‌ಗೆ ಹೋಗಿ ಉಳಿಯುವ ಹಾಗೆ ಆವತ್ತೇ ಮಾಡಿದೆ.

ಕೊನೆಗೆ ಚೀಟಿ. ಹುಡುಗನೇ ಅದನ್ನು ಕಿತ್ತ. ಒಬ್ಬೊಬ್ಬರಿಗೂ ಅವರವರ ಹೆಸರಿನ ಲಾಗಿನ್ ಮಾಡಿಕೊಟ್ಟೆ. ಪಾಳಿ ಬದಲಾಗುವಾಗ ಒಬ್ಬರು ಲಾಗೌಟ್ ಆಗಿ ಇನ್ನೊಬ್ಬರು ಬರುವಷ್ಟರಲ್ಲಿ ಲಾರಿ ಕಾಯಬೇಕಾಗುತ್ತದೆ ಅಂತ ಮೇಡಂ ತಕರಾರು ತೆಗೆದರು. ಅದು ನಿಜವಾದ ತೊಂದರೆ. ಅದಕ್ಕೆ ವೇ ಬ್ರಿಡ್ಜ್ ಕೋಣೆಗೆ ಇನ್ನೊಂದು ಕಂಪ್ಯೂಟರ್ ಕೊಡಿಸಲು ಮಾಲೀಕರು ಒಪ್ಪಿದರು. ಅಡ್ಮಿನ್ ಸೆಂಟರ್ ಅನ್ನು ಟ್ಯಾಲಿ ಸರ್ವರ್‌ನಿಂದ ತೆಗೆದು, ಬೇರೆ ಯಾರೂ ಲಾಗಿನ್ ಆಗದ ಒಂದು ಸಣ್ಣ ಯಂತ್ರಕ್ಕೆ ಹಾಕಿದ್ದೇನೆ.

ಉಳಿದ ಗ್ರಾಹಕರಲ್ಲೂ ಇದೇ ಕೆಲಸ ನಡೆದಿದೆ. ಹಿರೇಹಳ್ಳಿಯ ಒಬ್ಬರು ಮಾತ್ರ ಬೇರೆ ಯಂತ್ರಕ್ಕೆ ದುಡ್ಡು ಹಾಕಲು ಇನ್ನೂ ಒಪ್ಪಿಲ್ಲ. ಅಲ್ಲಿ ಪ್ಯಾಚ್ ಹಾಕಿ, ಆರ್ಕ್ ಏಜೆಂಟ್ ಅನ್ನು ನಿಗಾ ಇಡಲು ಮಾತ್ರ ಬಿಡುವ ಮಾನಿಟರ್ ಮೋಡ್‌ಗೆ ತಿರುಗಿಸಿ ಬಂದಿದ್ದೇನೆ. ಅವರ ಆಡಿಟರ್ ಈ ತಿಂಗಳು ಬರುತ್ತಾರಂತೆ. ಚಲನ್ ಹಿಂಬದಿಯ ಆ ಚಿತ್ರದ ಜೊತೆ ಅವರ ಎದುರಿಗೇ ಕೂತು ಮಾತಾಡುತ್ತೇನೆ.