ಪಾಮ್ ಸ್ಪ್ರಿಂಗ್ಸ್‌ನ ಮಾಡರ್ನ್ ಮನೆಗಳ ಫೋಟೋ ಬೇಕಾ? ಬೆಳಗ್ಗೆ ಬೇಗ ಏಳಿ

ಲಾಸ್ ಏಂಜಲಿಸ್‌ನಿಂದ ಕಾರಲ್ಲಿ ಹೊರಟರೆ ಸುಮಾರು ಎರಡು ಗಂಟೆಯಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿ ಊರು ಪಾಮ್ ಸ್ಪ್ರಿಂಗ್ಸ್ ಸಿಗುತ್ತದೆ. 1950–60ರ ದಶಕದ ಮಾಡರ್ನ್ ಶೈಲಿಯ, ಅಂದರೆ ಸರಳ ಗೆರೆ, ದೊಡ್ಡ ಗಾಜಿನ ಮನೆಗಳು ಬೀದಿಗಟ್ಟಲೆ ಇರುವ ಊರು. ಕ್ಯಾಮೆರಾ ಹಿಡಿದು ಹೋಗುವವರು ಸಂಜೆ ಬಿಸಿಲನ್ನು ಮಾತ್ರ ನಂಬಬೇಡಿ. ಪಶ್ಚಿಮಕ್ಕೆ 3,300 ಮೀಟರ್ ಎತ್ತರದ ಸ್ಯಾನ್ ಜಸಿಂಟೊ ಬೆಟ್ಟ ಅಡ್ಡ ನಿಂತಿದೆ. ಚಳಿಗಾಲದಲ್ಲಂತೂ ಮಧ್ಯಾಹ್ನ ಕಳೆಯುತ್ತಿದ್ದಂತೆ ಸೂರ್ಯ ಅದರ ಹಿಂದೆ ಹೋಗಿಬಿಡುತ್ತಾನೆ. ಬೆಳಗ್ಗೆ ಅದೇ ಬೆಟ್ಟ ನಿಮಗೆ ಅನುಕೂಲ. ಮೊದಲು ತುದಿ ಕೆಂಪಾಗುತ್ತದೆ, ಆಮೇಲೆ ಬಿಸಿಲು ಕೆಳಗಿಳಿದು ಪೂರ್ವಕ್ಕೆ ಮುಖ ಮಾಡಿದ ಮನೆಗಳನ್ನು ಮುಟ್ಟುತ್ತದೆ. ಮನೆಗೂ ಹಿಂದಿನ ಬೆಟ್ಟಕ್ಕೂ ಒಂದೇ ಬೆಳಕು. ಇನ್ನೇನು ಬೇಕು?

ಟ್ವಿನ್ ಪಾಮ್ಸ್ ಬಡಾವಣೆಯಿಂದ ಶುರು ಮಾಡಿ. ಅಲೆಕ್ಸಾಂಡರ್ ಕಂಪನಿ ಕಟ್ಟಿದ್ದು, ವಿನ್ಯಾಸ ವಿಲಿಯಂ ಕ್ರಿಸೆಲ್ ಅವರದು. ಒಳಗಿನ ನಕ್ಷೆ ಹೆಚ್ಚುಕಡಿಮೆ ಒಂದೇ. ಅದನ್ನೇ ತಿರುಗಿಸಿ ಕೂರಿಸಿ, ಚಾವಣಿ ಬದಲಿಸಿದ್ದಾರೆ: ಒಂದಕ್ಕೆ ಚಪ್ಪಟೆ, ಇನ್ನೊಂದಕ್ಕೆ ಚಿಟ್ಟೆ ರೆಕ್ಕೆ ಎತ್ತಿದಂತೆ. ಈ ಆಟ ಕಾಣಬೇಕಾದರೆ ಸುಮ್ನೆ ಕಾರಲ್ಲಿ ಸುತ್ತಬೇಡಿ, ನಡೆಯಿರಿ.

ಈ ಮನೆಗಳು ತಗ್ಗು, ಉದ್ದ. ವೈಡ್ ಲೆನ್ಸ್ ಹಾಕಿ ಹತ್ತಿರ ನಿಂತರೆ ಡಾಂಬರೇ ಜಾಸ್ತಿ ಬರುತ್ತದೆ, ಮನೆ ಒಂದು ಗೆರೆಯಷ್ಟಾಗುತ್ತದೆ. ರಸ್ತೆಯ ಆಚೆ ಬದಿಗೆ ಹೋಗಿ 35 ಅಥವಾ 50 ಎಂಎಂನಲ್ಲಿ ತೆಗೆಯಿರಿ. ಕ್ಯಾಮೆರಾ ಮಟ್ಟವಾಗಿರಲಿ. ಚಾವಣಿ ಗೆರೆ ಸ್ವಲ್ಪ ವಾಲಿದರೂ ಇಂಥ ಮನೆಯಲ್ಲಿ ಎದ್ದು ಕಾಣುತ್ತದೆ. ಗಾಜಿನ ಪ್ರತಿಬಿಂಬ ತಗ್ಗಿಸಲು ಪೋಲರೈಸರ್ (ಲೆನ್ಸ್ ಮುಂದೆ ಹಾಕಿ ತಿರುಗಿಸುವ ಫಿಲ್ಟರ್) ಒಳ್ಳೆಯದು, ಆದರೆ ಪೂರ್ತಿ ತಿರುಗಿಸಿದರೆ ಆಕಾಶ ಒಂದು ಕಡೆ ಕಪ್ಪಾಗುತ್ತದೆ.

ವಾಸ್ತುಶಿಲ್ಪಿ ರಿಚರ್ಡ್ ನ್ಯೂಟ್ರಾ 1946ರಲ್ಲಿ ಕಟ್ಟಿದ ಕೌಫ್‌ಮನ್ ಮನೆಯನ್ನು ಎಲ್ಲರೂ ಹುಡುಕುತ್ತಾರೆ. ಛಾಯಾಗ್ರಾಹಕ ಜೂಲಿಯಸ್ ಶುಲ್ಮನ್ 1947ರಲ್ಲಿ ಮುಸ್ಸಂಜೆ ತೆಗೆದ ಅದರ ಫೋಟೋ ಅಷ್ಟು ಪ್ರಸಿದ್ಧ. ಆದರೆ ಅದು ಕಾಂಪೌಂಡಿನ ಒಳಗಿನ ಈಜುಕೊಳದ ಕಡೆಯಿಂದ ತೆಗೆದದ್ದು. ರಸ್ತೆಯಿಂದ ಸಿಗುವುದು ಸ್ವಲ್ಪವೇ. ಆ ಆಸೆ ಬಿಡಿ. ಇವೆಲ್ಲ ಜನ ವಾಸ ಇರುವ ಮನೆಗಳು ಅಲ್ವಾ, ಡ್ರೈವ್‌ವೇ ಮೇಲೂ ಕಾಲಿಡಬೇಡಿ.

ಒಳಗೆ ನೋಡಬೇಕೆಂದರೆ ಫೆಬ್ರವರಿಯಲ್ಲಿ ಈ ಮನೆಗಳಿಗಾಗಿಯೇ ನಡೆಯುವ ಮಾಡರ್ನಿಸಂ ವೀಕ್ ಉತ್ಸವಕ್ಕೆ ಹೋಗಿ. ಟಿಕೆಟ್ ತಿಂಗಳುಗಳ ಮೊದಲೇ ಮಾಡಿಸಿ, ಒಳಗೆ ಫೋಟೋ ಬಿಡುತ್ತಾರಾ ಅಂತ ಕೇಳಿಕೊಳ್ಳಿ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ನಡೆದಾಡುವ ಮಾತೇ ಇಲ್ಲ.

ಊರಿನ ಉತ್ತರಕ್ಕೆ ವಾಸ್ತುಶಿಲ್ಪಿ ಆಲ್ಬರ್ಟ್ ಫ್ರೇ ವಿನ್ಯಾಸದ 1965ರ ಪೆಟ್ರೋಲ್ ಬಂಕ್ ಇದೆ. ಈಗ ಅದು ಪ್ರವಾಸಿ ಮಾಹಿತಿ ಕೇಂದ್ರ. ಮುಗಿಲಿಗೆ ಚಾಚಿದ ಚೂಪು ಚಾವಣಿ, ಹಿಂದೆ ಬೆಟ್ಟ. ಇಲ್ಲಿ ಹತ್ತಿರ ಹೋಗಿ, ಸುತ್ತ ತಿರುಗಿ, ಬೇಕಾದಷ್ಟು ತೆಗೆಯಬಹುದು.