ನಾನೇ ಕೊರೆದ ತೂತುಗಳು

ಕಾರಿನ ಸೀಟು ಬಿಚ್ಚಿದ್ದು ಬೇರೆ ಕೆಲಸಕ್ಕೆ. ಮಗಳು ಉದ್ದ ಬೆಳೆದಿದ್ದಾಳೆ, ಅವಳಿಗೆ ಕಾಲು ಚಾಚಲು ಜಾಗ ಸಾಲುತ್ತಿರಲಿಲ್ಲ. ಪಕ್ಕದ ಸೀಟನ್ನು ಸ್ವಲ್ಪ ಹಿಂದಕ್ಕೆ ಸರಿಸೋಣ ಅಂತ ಬೆಳಿಗ್ಗೆ ನಾಲ್ಕು ಬೋಲ್ಟ್ ತೆಗೆದೆ. ಸೀಟು ಎತ್ತಿ ಆಚೆ ಇಟ್ಟು ಕಾರ್ಪೆಟ್ ಮಡಚಿದೆ. ಅದರ ಅಡಿಭಾಗ ಒದ್ದೆಯಾಗಿತ್ತು. ಕಾರು ಮಳೆಯಲ್ಲಿ ನೆನೆದು ಮೂರು ವಾರ ಕಳೆದಿತ್ತು.

ಮೂಲೆಯಲ್ಲಿ, ಅಲ್ಯೂಮಿನಿಯಂ ತಗಡಿನ ಮೇಲೆ, ಒಂದು ಕಂದು ಗೆರೆ ಕಂಡಿತು. ತಗಡನ್ನು ಹಿಡಿದಿಡುವ ಒಂದು ರಿವೆಟ್‌ನ ತಲೆಯಿಂದ ಹೊರಟು, ಕೆನ್ನೆಯ ಮೇಲೆ ಕಣ್ಣೀರು ಒಣಗಿದ ಗುರುತಿನ ಹಾಗೆ ಕೆಳಗಿಳಿದಿತ್ತು. ಅಲ್ಯೂಮಿನಿಯಂ ಹಾಳಾದರೆ ಬಿಳಿ ಪುಡಿ ಬರುತ್ತದೆ, ಕಂದು ಬಣ್ಣ ಬರುವುದಿಲ್ಲ. ಹಾಗಾದರೆ ಇದು ತಗಡಿನ ಹಿಂದೆ ಇರುವ ಉಕ್ಕಿನದ್ದು, ಅಂದರೆ ಕಾರಿನ ಅಸ್ಥಿಪಂಜರವಾದ ಚಾಸಿಯದ್ದು. ಎದೆ ಧಸಕ್ ಅಂತು.

ಈ ಕಾರನ್ನು ನಾನೇ ಕಟ್ಟಿದ್ದು. ಕಿಟ್ ಕಾರು ಅಂದರೆ ಚಾಸಿ, ತಗಡು, ತಂತಿ, ನಟ್ಟು ಬೋಲ್ಟು ಎಲ್ಲ ಬಿಡಿಬಿಡಿಯಾಗಿ ಬರುತ್ತವೆ, ಜೋಡಿಸುವ ಕೆಲಸ ನಮ್ಮದು. ನನ್ನದು ಲೋಟಸ್ ಸೆವೆನ್ ಮಾದರಿಯ ವಂಶಕ್ಕೆ ಸೇರಿದ್ದು. ಕಾಲಿನ್ ಚಾಪ್ಮನ್ 1957ರಲ್ಲಿ ತಂದ ಆ ಪುಟ್ಟ ಕಾರನ್ನು ಬ್ರಿಟನ್ನಿನಲ್ಲಿ ಜನ ಬಿಡಿಭಾಗಗಳಾಗಿ ಕೊಳ್ಳುತ್ತಿದ್ದರು, ಹಾಗೆ ಕೊಂಡರೆ ಖರೀದಿ ತೆರಿಗೆ ಉಳಿಯುತ್ತಿತ್ತು. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್‌ಗೆ ಹೋಯಿತು. ಆಮೇಲೆ ಅದೇ ರೂಪದ ಕಿಟ್‌ಗಳನ್ನು ಎಷ್ಟೋ ಜನ ಮಾಡಿದ್ದಾರೆ. ಎಲ್ಲದರ ಗುಟ್ಟು ಒಂದೇ: ತೆಳ್ಳಗಿನ ಉಕ್ಕಿನ ಪೈಪುಗಳನ್ನು ತ್ರಿಕೋನಗಳಾಗಿ ಬೆಸೆದ ಪಂಜರ, ಅದರ ಮೇಲೆ ಹೊದಿಸಿದ ತಗಡು. ನನ್ನ ಕಾರಿನಲ್ಲಿ ಪೈಪು 25 ಮಿಲಿಮೀಟರ್ ಚೌಕ. ಅದರ ಗೋಡೆಯ ದಪ್ಪ ಬರೀ 1.6 ಮಿಲಿಮೀಟರ್. ಕಾರು ಹಗುರ ಇರುವುದು ಇದರಿಂದಲೇ. ತುಕ್ಕು ತಿನ್ನಲು ಜಾಸ್ತಿ ಏನೂ ಉಳಿದಿಲ್ಲ ಅನ್ನುವುದೂ ಅಷ್ಟೇ ನಿಜ.

ಪೈಪನ್ನು ಬಟ್ಟೆಯಿಂದ ಒರೆಸಿ ನೋಡಿದೆ. ಪೌಡರ್ ಕೋಟಿಂಗ್ ಕಪ್ಪಗೆ ಹೊಳೆಯುತ್ತಿತ್ತು. ಎಲ್ಲೂ ಒಂದು ಗೀರೂ ಇಲ್ಲ. ಸಣ್ಣ ಸುತ್ತಿಗೆ ತಂದು ಮೇಲಿನ ಪೈಪಿಗೆ ತಟ್ಟಿದೆ, ಟಿಣ್ ಅಂತು. ಕೆಳಗಿನ ಪೈಪಿಗೆ ತಟ್ಟುತ್ತಾ ಹಿಂದಕ್ಕೆ ಹೋದೆ. ಟಿಣ್, ಟಿಣ್, ಆಮೇಲೆ ಠಪ್. ಒದ್ದೆ ಮರಕ್ಕೆ ಹೊಡೆದ ಹಾಗೆ. ಅಲ್ಲಿ ಸ್ಕ್ರೂಡ್ರೈವರ್ ಇಟ್ಟು ಒತ್ತಿದೆ. ಬಣ್ಣ ಮೊದಲು ತಗ್ಗಿತು, ಆಮೇಲೆ ಸ್ಕ್ರೂಡ್ರೈವರ್ ತಡೆಯೇ ಇಲ್ಲದೆ ಒಳಗೆ ಹೋಯಿತು. ಹೊರಗೆ ಎಳೆದಾಗ ಕಂದು ನೀರು ತೊಟ್ಟಿಕ್ಕಿತು. ಹರಿದ ಅಂಚನ್ನು ಬೆರಳಲ್ಲಿ ಹಿಡಿದು ಎಳೆದರೆ ಕೋಟಿಂಗ್ ಹಾವಿನ ಪೊರೆಯಂತೆ ಉದ್ದಕ್ಕೆ ಸುಲಿದು ಬಂತು. ಅದರ ಕೆಳಗೆ ಉಕ್ಕು ಇರಲಿಲ್ಲ, ಪದರ ಪದರವಾದ ತುಕ್ಕು ಇತ್ತು.

ಆ ಜಾಗದಿಂದ ಒಂದು ಕೈಯಳತೆ ಹಿಂದೆ ಮಗಳ ಸೀಟ್ ಬೆಲ್ಟಿನ ಬೋಲ್ಟ್ ಇದೆ. ಅದು ನಿಂತಿರುವುದು ಅದೇ ಪೈಪಿನ ಮೇಲೆ. ಹಿಂದಿನ ವಾರ ತಾನೇ ಅವಳನ್ನು ಕೂರಿಸಿಕೊಂಡು ಹೋಗಿದ್ದೆ. ಸ್ವಲ್ಪ ಹೊತ್ತು ನೆಲದ ಮೇಲೆ ಹಾಗೇ ಕೂತುಬಿಟ್ಟೆ.

ವೆಲ್ಡಿಂಗ್ ಕೆಲಸ ಮಾಡುವ ಗೆಳೆಯನಿಗೆ ಫೋನ್ ಮಾಡಿದೆ.

"ಎಷ್ಟು ದೂರ ತಿಂದಿದೆ?"

"ಒಂದು ಗೇಣು ಇರಬಹುದು ಕಣೋ."

"ಕಣ್ಣಿಗೆ ಗೇಣು ಕಂಡ್ರೆ ಮೊಳ ಅಂತ ಲೆಕ್ಕ ಹಾಕ್ಕೋ. ನಾನು ಬರೋವರೆಗೂ ಏನೂ ಕತ್ತರಿಸಬೇಡ."

ಅವನು ಬರುವಷ್ಟರಲ್ಲಿ ನಾನು ತಗಡು ಬಿಚ್ಚಿದೆ. 42 ರಿವೆಟ್‌ಗಳ ತಲೆಯನ್ನು ಒಂದೊಂದಾಗಿ ಡ್ರಿಲ್‌ನಿಂದ ಹಾರಿಸಬೇಕಾಯಿತು. ಆಗ ಎಲ್ಲ ಅರ್ಥವಾಯಿತು. ಪಾಪ್ ರಿವೆಟ್‌ನ ನಡುವೆ ಒಂದು ಕಡ್ಡಿ ಇರುತ್ತದೆ. ಗನ್ನಿನಿಂದ ಎಳೆದಾಗ ಅದು ಮುರಿದು ಬರುತ್ತದೆ, ರಿವೆಟ್ ಬಿಗಿಯುತ್ತದೆ. ಆದರೆ ಕಡ್ಡಿ ಇದ್ದ ಜಾಗ ಪೂರ್ತಿ ಮುಚ್ಚುವುದಿಲ್ಲ. ಕೂದಲೆಳೆಯಷ್ಟು ದಾರಿ ಇದ್ದರೂ ನೀರಿಗೆ ಸಾಕು, ಅಲ್ವಾ? ಕಾರ್ಪೆಟ್ ಹಿಡಿದಿಟ್ಟ ನೀರು ರಿವೆಟ್ ಮೂಲಕ ಪೈಪಿನೊಳಗೆ ಇಳಿದಿದೆ. ಹೊರಗೆ ಹೋಗಲು ದಾರಿಯಿಲ್ಲ. ಪೈಪಿನ ಒಳಮೈಗೆ ಬಣ್ಣವೂ ಇಲ್ಲ. ವರ್ಷಗಟ್ಟಲೆ ಅದು ಒಳಗಿನಿಂದ ಹೊರಕ್ಕೆ ತಿನ್ನುತ್ತಾ ಬಂದಿದೆ. ಹೊರಗಿನ ಹೊಳಪು ಕೊನೆಯವರೆಗೂ ಹಾಗೇ ಇತ್ತು.

ಆ ತೂತುಗಳನ್ನು ಕೊರೆದವನು ನಾನು. ಭಾನುವಾರಗಳಲ್ಲಿ ಕೂತು, ಅಳತೆ ಪಟ್ಟಿ ಇಟ್ಟು, ಒಂದಕ್ಕೊಂದು ಸರಿಯಾದ ದೂರದಲ್ಲಿ, ಎಷ್ಟು ಪ್ರೀತಿಯಿಂದ ಕೊರೆದಿದ್ದೆ! ಸಾಲು ನೆಟ್ಟಗಿರಲಿ ಅಂತ ದಾರ ಹಿಡಿದು ನೋಡಿದ್ದೆ. ಒಂದೊಂದು ತೂತಿಗೂ ನೀರು ತಡೆಯುವ ಅಂಟು, ಸೀಲಂಟ್, ಒಂದು ಹನಿ ಹಾಕಬೇಕು ಅನ್ನುವುದು ಆಗ ತಲೆಗೆ ಹೊಳೆಯಲಿಲ್ಲ. ಈ ಸಂಕಟ ನನ್ನನ್ನು ಇಡೀ ದಿನ ಬಿಡಲಿಲ್ಲ.

ಗೆಳೆಯ ಬಂದವನೇ ಬೋಲ್ಟ್ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿದ. ಒಳಗೆ ಮರದ ತೊಗಟೆಯಂತೆ ಚಕ್ಕೆಗಳು ಎದ್ದು ನಿಂತಿದ್ದವು. ಉಕ್ಕು ತುಕ್ಕಾದರೆ ಮೊದಲಿಗಿಂತ ಎಷ್ಟೋ ಪಟ್ಟು ಜಾಗ ಬೇಡುತ್ತದೆ. ಪೈಪಿನ ಪಕ್ಕ ಸ್ವಲ್ಪ ಉಬ್ಬಿದ್ದು ಅದಕ್ಕೇ. ಕ್ಯಾಮೆರಾ ಮುಂದೆ ತಳ್ಳುತ್ತಾ, ಚಕ್ಕೆ ಮುಗಿದು ನುಣುಪಾದ ಉಕ್ಕು ಕಂಡ ಕಡೆ ಹೊರಗೆ ಸೀಮೆಸುಣ್ಣದ ಗುರುತು ಹಾಕಿದ. ಅಲ್ಲಿಂದ ಇನ್ನೂ ಎರಡು ಬೆರಳು ಆಚೆ ಕತ್ತರಿಸಬೇಕು ಅಂದ. ಮೇಲೊಂದು ತಗಡಿನ ತುಂಡು ಅಂಟಿಸಿ ಬಿಡುವುದನ್ನು ಅವನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಅದು ತುಕ್ಕಿಗೆ ಹೊದಿಕೆ ಹೊದಿಸಿದಂತೆ.

ಕತ್ತರಿಸುವ ಮುಂಚಿನ ತಯಾರಿಗೇ ಮಧ್ಯಾಹ್ನ ಆಯಿತು. ಬ್ಯಾಟರಿ ತಂತಿ ಕಳಚಿದೆವು, ಆಲ್ಟರ್ನೇಟರ್ ಮತ್ತು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪ್ಲಗ್ ಬಿಡಿಸಿದೆವು. ಪೆಟ್ರೋಲ್ ಟ್ಯಾಂಕ್ ಇಳಿಸಿ ಹೊರಗೆ ದೂರ ಇಟ್ಟೆವು. ಕಾರನ್ನು ನಾಲ್ಕು ಸ್ಟ್ಯಾಂಡ್ ಮೇಲೆ ಮಟ್ಟಸವಾಗಿ ಕೂರಿಸಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು ಗೋಡೆಯ ಮೇಲೆ ಬರೆದಿಟ್ಟೆವು. ಆಮೇಲೆ ಕತ್ತರಿಸುವ ಜಾಗಕ್ಕೆ ಅಡ್ಡಲಾಗಿ ಒಂದು ಆಂಗಲ್ ಪಟ್ಟಿಯನ್ನು ತಾತ್ಕಾಲಿಕವಾಗಿ ಬೆಸೆದ. ಈ ಆಸರೆ ಇಲ್ಲದೆ ಪೈಪು ಕತ್ತರಿಸಿದರೆ ಪಂಜರ ತನಗೆ ಬೇಕಾದ ಕಡೆ ವಾಲಿಬಿಡುತ್ತದೆ.

ತೆಗೆದ ತುಂಡು 460 ಮಿಲಿಮೀಟರ್. ಹೆಚ್ಚು ಕಡಿಮೆ ಒಂದು ಮೊಳ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು ಮಾಡಿತು. ಬಗ್ಗಿಸಿದಾಗ ಅಂಗೈ ತುಂಬ ಕಂದು ಚಕ್ಕೆ ಬಿತ್ತು. ಬೆಳಕಿಗೆ ಹಿಡಿದು ಒಳಗೆ ಇಣುಕಿದೆ. ತಳದಲ್ಲಿ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು, ಹತ್ತಾರು.

ಹೊಸ ಪೈಪನ್ನು ಸೇರಿಸಿದ ರೀತಿ ನನಗೆ ತುಂಬಾ ಹಿಡಿಸಿತು. ಎರಡು ತುದಿಯನ್ನೂ ಓರೆಯಾಗಿ ಕತ್ತರಿಸಿದ, ಬೆಸುಗೆ ಒಂದೇ ಅಡ್ಡಗೆರೆಯಲ್ಲಿ ಬರಬಾರದು ಅಂತ. ತಗಡು ಮಡಚಿ, ಪೈಪಿನೊಳಗೆ ಬಿಗಿಯಾಗಿ ಜಾರುವಂಥ ಎರಡು ಒಳತೋಳು ಮಾಡಿದ. ಎರಡೂ ತುದಿ ಕಾರಿನಲ್ಲಿ ಗಟ್ಟಿಯಾಗಿ ನಿಂತಿರುವಾಗ ಒಳತೋಳನ್ನು ಹೇಗೆ ತೂರಿಸುವುದು? ಮೊದಲು ಎರಡನ್ನೂ ಹೊಸ ಪೈಪಿನೊಳಗೆ ಪೂರ್ತಿ ತಳ್ಳಿಬಿಟ್ಟ. ಪೈಪನ್ನು ಜಾಗದಲ್ಲಿ ಕೂರಿಸಿದ ಮೇಲೆ, ಪಕ್ಕದಲ್ಲಿ ಕೊರೆದಿದ್ದ ತೂತಿನಿಂದ ಸ್ಕ್ರೂಡ್ರೈವರ್ ತುದಿ ತೂರಿಸಿ, ಒಳತೋಳನ್ನು ಅರ್ಧದಷ್ಟು ಹಳೆಯ ಪೈಪಿನೊಳಕ್ಕೆ ಸರಿಸಿದ. ಆಮೇಲೆ ಅದೇ ತೂತನ್ನು ಬೆಸುಗೆಯಿಂದ ತುಂಬಿದ. ತೂತೂ ಮುಚ್ಚಿತು, ಒಳತೋಳೂ ಹಿಡಿಯಿತು.

ಬೆಸೆದದ್ದು 0.6 ಮಿಲಿಮೀಟರ್ ತಂತಿಯ ಮಿಗ್ ವೆಲ್ಡಿಂಗ್ ಮೆಷಿನ್ನಿನಿಂದ. ಒಂದು ಕಡೆ ಚುಕ್ಕಿ ಇಟ್ಟರೆ ಮುಂದಿನದು ಎದುರು ಬದಿಗೆ. ಒಂದೇ ಕಡೆ ಬಿಸಿ ಕೊಟ್ಟರೆ ಪೈಪು ಆ ಕಡೆಗೆ ಎಳೆದುಕೊಳ್ಳುತ್ತದೆ. ಪ್ರತಿ ಸಲವೂ ಅಂಗೈ ಇಡುವಷ್ಟು ಆರುವ ತನಕ ಕಾದೆವು. ನಾನು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಕಿಡಿ ಬೀಳುವ ಕಡೆ ನೋಡುತ್ತಾ ನಿಂತಿದ್ದೆ. ಮುಗಿಸಿ ಆಸರೆ ಪಟ್ಟಿ ತೆಗೆದು ಕರ್ಣ ಅಳೆದಾಗ, ಗೋಡೆಯ ಮೇಲಿನ ಅಂಕಿಗೂ ಇದಕ್ಕೂ ಒಂದು ಮಿಲಿಮೀಟರ್ ವ್ಯತ್ಯಾಸ.

"ಬಚಾವಾದೆ ಬಿಡು," ಅಂದ ಅವನು, ಮುಖವಾಡ ಮೇಲೆತ್ತಿ.

ಉಳಿದ ಕೆಲಸ ಮುಂದಿನ ವಾರವೆಲ್ಲ ಸಂಜೆ ಹೊತ್ತು ನಾನೊಬ್ಬನೇ ಮಾಡಿದೆ. ಎಪಾಕ್ಸಿ ಪ್ರೈಮರ್, ಅದರ ಮೇಲೆ ಬಣ್ಣ. ಪೈಪಿನ ತಳದಲ್ಲಿ ನೀರು ಇಳಿದು ಹೋಗಲು ಒಂದೇ ಒಂದು ತೂತು. ಅದರೊಳಗೆ ಸುತ್ತಲೂ ಸಿಂಪಡಿಸುವ ನಾಜಲ್‌ನ ಉದ್ದ ಕೊಳವೆ ತೂರಿಸಿ, ತುಕ್ಕು ತಡೆಯುವ ಮೇಣವನ್ನು ತೊಟ್ಟಿಕ್ಕುವವರೆಗೆ ತುಂಬಿದೆ. ತಗಡಿಗೂ ಉಕ್ಕಿಗೂ ನಡುವೆ ಸೀಲಂಟ್ ಪಟ್ಟಿ ಹಾಕಿದೆ, ಎರಡು ಲೋಹ ನೀರಿನಲ್ಲಿ ಒಂದನ್ನೊಂದು ಮುಟ್ಟಿದರೆ ಅಲ್ಯೂಮಿನಿಯಂ ಮೊದಲು ಕರಗುತ್ತದೆ. ತಗಡಿನ ಹಿಂಬದಿಯ ಬಿಳಿ ಪುಡಿ ಅದನ್ನೇ ಹೇಳುತ್ತಿತ್ತು. ಈ ಸಲ ಹಾಕಿದ 42 ರಿವೆಟ್‌ಗಳೂ ತುದಿ ಮುಚ್ಚಿದಂಥವು. ಒಂದೊಂದನ್ನೂ ಸೀಲಂಟ್‌ನಲ್ಲಿ ಅದ್ದಿ ಕೂರಿಸಿದೆ.

ಇನ್ನೊಂದು ಬದಿಯನ್ನೂ ಸುತ್ತಿಗೆಯಿಂದ ತಟ್ಟಿ ನೋಡಿದೆ, ಕ್ಯಾಮೆರಾ ಬಿಟ್ಟು ನೋಡಿದೆ. ಮೇಲ್ಮೈಯಲ್ಲಿ ತೆಳು ಕೆಂಪು ಅಷ್ಟೇ ಇತ್ತು. ಅಲ್ಲಿಗೂ ಮೇಣ ತುಂಬಿದೆ. ಕಾರ್ಪೆಟ್ಟನ್ನು ಮಾತ್ರ ಮತ್ತೆ ಅಂಟಿಸಲಿಲ್ಲ, ಪ್ರೆಸ್ ಬಟನ್ ಹಾಕಿದ್ದೇನೆ. ಮಳೆಯಲ್ಲಿ ಹೋಗಿ ಬಂದ ದಿನ ಮಗಳೇ ಅದನ್ನು ಕಿತ್ತು ಒಣಗಲು ಹಾಕುತ್ತಾಳೆ. ಆಮೇಲೆ ನಾನು ಬಗ್ಗಿ, ಅವಳ ಬೆಲ್ಟಿನ ಬೋಲ್ಟಿನ ಪಕ್ಕ ಒಂದು ಸಲ ತಟ್ಟಿ, ಸದ್ದು ಕೇಳಿಯೇ ಏಳುತ್ತೇನೆ.