ಮಣ್ಣಿನ ಹದ

ಕುಂಬಾರಿಕೆ ಕಲಿಯಲು ತೊಡಗಿದ ಮೊದಲ ವಾರಗಳಲ್ಲಿ ಸಲಕರಣೆಗಳ ಹೆಸರುಗಳನ್ನೂ ವಿಧಾನಗಳ ಹೆಸರುಗಳನ್ನೂ ಒಂದು ಪುಸ್ತಕದಲ್ಲಿ ಶ್ರದ್ಧೆಯಿಂದ ಬರೆದಿಟ್ಟುಕೊಂಡಿದ್ದೆ. ಆ ಪಟ್ಟಿಯಿಂದ ಹೆಚ್ಚಿನ ಪ್ರಯೋಜನವೇನೂ ಆಗಲಿಲ್ಲ. ಯಾವ ಸಲಕರಣೆಯನ್ನು ಯಾವಾಗ ಕೈಗೆತ್ತಿಕೊಳ್ಳಬೇಕು ಎಂಬುದನ್ನು ತೀರ್ಮಾನಿಸುವುದು ಆ ಹೊತ್ತಿಗೆ ಮಣ್ಣಿನಲ್ಲಿ ಉಳಿದಿರುವ ನೀರು ಎಂದು ನನಗೆ ಅರಿವಾದದ್ದು ಐದಾರು ಪಾತ್ರೆಗಳು ಬಿರಿದ ಮೇಲೆಯೇ. ಅದಕ್ಕೆ ಕನ್ನಡದಲ್ಲಿ ಹದ ಎಂಬ ಒಳ್ಳೆಯ ಮಾತಿದೆ.

ಜೇಡಿಮಣ್ಣಿನ ಕಣಗಳು ಚಪ್ಪಟೆಯಾದ ಬಿಲ್ಲೆಗಳಂತಿದ್ದು, ಅವುಗಳ ಗಾತ್ರ ಸಾಮಾನ್ಯವಾಗಿ 2 ಮೈಕ್ರೋಮೀಟರಿಗಿಂತಲೂ ಕಡಿಮೆ ಇರುತ್ತದೆ. ನಡುವೆ ನೀರಿನ ತೆಳುಪದರ ಇರುವಾಗ ಅವು ಒಂದರ ಮೇಲೊಂದು ಜಾರುತ್ತವೆ, ಆದರೂ ಒಂದನ್ನೊಂದು ಬಿಟ್ಟುಹೋಗುವುದಿಲ್ಲ. ಒತ್ತಿದ ಆಕಾರವನ್ನು ಮಣ್ಣು ಹಾಗೆಯೇ ಹಿಡಿದಿಟ್ಟುಕೊಳ್ಳುವುದು ಇದರಿಂದಲೇ. ಪರೀಕ್ಷೆ ಸುಲಭ. ಬೆರಳಿನಷ್ಟು ದಪ್ಪದ ಬತ್ತಿಯೊಂದನ್ನು ಹೊಸೆದು ತೋರುಬೆರಳಿಗೆ ಸುತ್ತಬೇಕು: ಹೊರಮೈ ಬಿರುಕು ಬಿಟ್ಟರೆ ಮಣ್ಣಿನಲ್ಲಿ ನೀರೋ ಜಿಗುಟೋ ಸಾಲದು, ಕೈಗೆ ಅಂಟಿಕೊಂಡರೆ ನೀರು ಹೆಚ್ಚಾಗಿದೆ. ಹದ ಸರಿಯಾದ ಮೇಲೂ ಮಣ್ಣನ್ನು ಚೆನ್ನಾಗಿ ಮಿದಿಯಬೇಕು, ಏಕೆಂದರೆ ಒಂದೇ ಮುದ್ದೆಯಲ್ಲಿ ಗಟ್ಟಿ ಭಾಗವೂ ಮೆತ್ತನೆಯ ಭಾಗವೂ ಇದ್ದರೆ ಮುಂದೆ ಕೈ ಹೇಳಿದಂತೆ ಅದು ಕೇಳುವುದಿಲ್ಲ.

ತಿಗರಿಯಿಲ್ಲದೆ, ಅಂದರೆ ಕುಂಬಾರನ ಚಕ್ರವಿಲ್ಲದೆ, ಕೈಯಿಂದ ಪಾತ್ರೆ ಮಾಡುವ ಮುಖ್ಯ ದಾರಿಗಳು ಮೂರು. ಉಂಡೆಯ ನಡುವೆ ಹೆಬ್ಬೆರಳೂರಿ ಅಂಚನ್ನು ಚಿವುಟುತ್ತ ತೆಳುವಾಗಿಸಬಹುದು; ಹೊಸೆದ ಬತ್ತಿಗಳನ್ನು ಸುತ್ತುಸುತ್ತಾಗಿ ಏರಿಸಿ ಒಳಗಿನಿಂದ ಬೆಸೆಯಬಹುದು; ಲಟ್ಟಿಸಿದ ಹಾಳೆಗಳನ್ನು ಕತ್ತರಿಸಿ ಪೆಟ್ಟಿಗೆಯಂತೆ ಜೋಡಿಸಬಹುದು. ಬತ್ತಿಯ ವಿಧಾನವನ್ನು ಹೊಸಬರು ಹಗುರವಾಗಿ ಕಾಣುವುದುಂಟು, ಆದರೆ ಆಳೆತ್ತರದ ಹರವಿಗಳನ್ನೂ ಅದರಿಂದ ಕಟ್ಟಬಹುದು. ಕೆಳಗಿನ ಸುತ್ತು ತುಸು ಗಟ್ಟಿಯಾಗುವವರೆಗೆ ಕಾದು ಮುಂದಿನದನ್ನು ಏರಿಸುವ ತಾಳ್ಮೆಯಿದ್ದರೆ ಸಾಕು.

ತಿಗರಿಯ ಕೆಲಸದಲ್ಲಿ ಆ ಬಗೆಯ ಕಾಯುವಿಕೆಗೆ ಎಡೆಯಿಲ್ಲ. ಮುದ್ದೆಯನ್ನು ಚಕ್ರದ ನಡುವೆ ಬಲವಾಗಿ ಅಂಟಿಸಿ, ಕೈ ಒದ್ದೆ ಮಾಡಿಕೊಂಡು, ಎಡ ಮೊಣಕೈಯನ್ನು ತೊಡೆಗೆ ಆನಿಸಿ, ಒಂದು ಅಂಗೈಯಿಂದ ಪಕ್ಕದಲ್ಲೂ ಇನ್ನೊಂದರಿಂದ ಮೇಲೂ ಒತ್ತಬೇಕು. ಮೊದಮೊದಲು ಮಣ್ಣು ಕೈಗೆ ಗುದ್ದುತ್ತದೆ. ನಾನು ಕೈಯನ್ನು ಅದರ ಹಿಂದೆ ಓಡಿಸುತ್ತಿದ್ದೆ. ಕೈ ಅಲುಗದೆ ನಿಂತರೆ ಮಣ್ಣೇ ದಾರಿಗೆ ಬರುತ್ತದೆಂದು ತಿಳಿಯಲು ಎರಡು ತಿಂಗಳು ಹಿಡಿಯಿತು. ನಡು ಸಿಕ್ಕಿದೊಡನೆ ಅಲುಗಾಟ ನಿಂತುಹೋಗಿ, ಚಕ್ರ ತಿರುಗುತ್ತಿದ್ದರೂ ಮುದ್ದೆ ನಿಂತಲ್ಲೇ ನಿಂತಂತೆ ಕಾಣುತ್ತದೆ. ಆಮೇಲೆ ಹೆಬ್ಬೆರಳುಗಳಿಂದ ನಡುವೆ ಕುಳಿ ತೆಗೆದು, ತಳಕ್ಕೆ ಸುಮಾರು 1 ಸೆಂ.ಮೀ. ಮಣ್ಣು ಬಿಟ್ಟು (ಸೂಜಿ ಚುಚ್ಚಿ ನೋಡುವುದು ನಾಚಿಕೆಯ ಸಂಗತಿಯಲ್ಲ), ಒಳಗೊಂದು ಹೊರಗೊಂದು ಬೆರಳಿಟ್ಟು ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಗೋಡೆ ತೆಳುವಾದಷ್ಟೂ ಚಕ್ರದ ವೇಗವನ್ನು ತಗ್ಗಿಸಬೇಕು. ಒಳಗೆ ನಿಂತ ನೀರನ್ನು ಸ್ಪಂಜಿನಿಂದ ಹೀರದೆ ಬಿಟ್ಟರೆ ತಳ ಮೆತ್ತಗಾಗಿ, ಒಣಗುವಾಗ ಅಲ್ಲಿಯೇ ಬಿರಿಯುತ್ತದೆ. ಕೊನೆಗೆ ಬಿಗಿಯಾಗಿ ಹಿಡಿದ ದಾರವನ್ನು ತಳದಡಿಯಲ್ಲಿ ಹಾಯಿಸಿ ಪಾತ್ರೆಯನ್ನು ಬಿಡಿಸಿಕೊಳ್ಳುತ್ತೇವೆ.

ಮರುದಿನ ಪಾತ್ರೆ ಮುಟ್ಟಿದರೆ ತಣ್ಣಗಿರುತ್ತದೆ. ಎತ್ತಿದರೆ ಸೊಟ್ಟಗಾಗುವುದಿಲ್ಲ, ಉಗುರೂರಿದರೆ ಗುರುತು ಮೂಡುತ್ತದೆ. ಇದಕ್ಕೆ ಚರ್ಮದ ಹದ ಎನ್ನುತ್ತಾರೆ. ಪಾತ್ರೆಯನ್ನು ಬೋರಲು ಹಾಕಿ ಬಳೆಯಾಕಾರದ ಕೆತ್ತುಳಿಯಿಂದ ತಳ ಹೆರೆಯುವುದು, ಚಿತ್ತಾರ ಕೊರೆಯುವುದು, ಹಿಡಿ ಕೂಡಿಸುವುದು, ಎಲ್ಲಕ್ಕೂ ಇದೇ ಸಮಯ. ಹಿಡಿ ಕೂಡಿಸುವಾಗ ಎರಡೂ ಮೈಗಳನ್ನು ಗೀರಿ, ಮಣ್ಣಿನ ಬಗ್ಗಡವನ್ನು ಸವರಿ ಒತ್ತಬೇಕೆಂದು ಎಲ್ಲರೂ ಹೇಳಿಕೊಡುತ್ತಾರೆ. ಒಂದು ಲೋಟಕ್ಕೆ ಹಿಡಿ ಕೂಡಿಸುವಾಗ ನಾನೂ ಹಾಗೆಯೇ ಮಾಡಿದ್ದೆ. ಆದರೆ ಲೋಟ ಆಗಲೇ ಬೆಳ್ಳಗೆ ಒಣಗತೊಡಗಿತ್ತು, ಹಿಡಿ ಮಾತ್ರ ಆಗಷ್ಟೇ ಎಳೆದದ್ದು. ಕುಗ್ಗಬೇಕಾದಷ್ಟನ್ನು ಲೋಟ ಕುಗ್ಗಿ ಮುಗಿಸಿತ್ತು, ಹಿಡಿ ಇನ್ನೂ ಕುಗ್ಗಬೇಕಿತ್ತು. ಮೂರನೆಯ ದಿನ ಮೇಲಿನ ಬೆಸುಗೆಯಲ್ಲಿ ಕೂದಲೆಳೆಯಂಥ ಗೆರೆ ಕಾಣಿಸಿತು, ನಾಲ್ಕನೆಯ ದಿನ ಹಿಡಿ ನನ್ನ ಕೈಯಲ್ಲಿಯೇ ಉಳಿಯಿತು.

ಸುಡುವ ಹಂತದಲ್ಲಿಯೂ ತೊಡಕು ನೀರಿನದೇ. ಗಾಳಿಗುಳ್ಳೆಯಿಂದ ಪಾತ್ರೆ ಆವಿಗೆಯಲ್ಲಿ (ಮಡಕೆ ಸುಡುವ ಗೂಡಿನಲ್ಲಿ) ಸಿಡಿಯುತ್ತದೆಂಬ ಮಾತು ಬಹಳ ಹಳೆಯದು, ಆದರೆ ನಿಜವಾಗಿ ಸಿಡಿಸುವುದು ಒಳಗೆ ಉಳಿದ ತೇವ ಉಗಿಯಾಗುವುದು. ನೀರು ಉಗಿಯಾದಾಗ ಅದರ ಗಾತ್ರ ಸಾವಿರದ ಆರುನೂರು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಆದ್ದರಿಂದ ಮೊದಲ 100 ಡಿಗ್ರಿ ಸೆಲ್ಸಿಯಸ್‌ ದಾಟುವವರೆಗೆ ಶಾಖವನ್ನು ಬಹಳ ನಿಧಾನವಾಗಿ ಏರಿಸಬೇಕು. ಪೂರ್ತಿ ಒಣಗಿತೆಂದು ಕಂಡ ಮಣ್ಣಿನ ಹರಳುಗಳೊಳಗೂ ನೀರಿನ ಅಂಶ ಬೆಸೆದುಕೊಂಡಿರುತ್ತದೆ. ಶುದ್ಧ ಕೇಯೋಲಿನ್‌ ಮಣ್ಣಿನ ತೂಕದಲ್ಲಿ ಅದು ಸುಮಾರು 14%. ಸರಿಸುಮಾರು 450ರಿಂದ 600 ಡಿಗ್ರಿಯ ನಡುವೆ ಅದೂ ಹೊರಟುಹೋದ ಮೇಲೆ, ಎಷ್ಟು ನೆನೆಸಿದರೂ ಪಾತ್ರೆ ಮತ್ತೆ ಮಣ್ಣಾಗುವುದಿಲ್ಲ.

ನನ್ನ ಲೋಟ ಆ ಗಡಿಯನ್ನು ದಾಟಿರಲಿಲ್ಲ. ಅದನ್ನು ಇನ್ನೆರಡು ದಿನ ಬಿಸಿಲಿಗಿಟ್ಟು ಪೂರ್ತಿ ಒಣಗಿಸಿದೆ, ಏಕೆಂದರೆ ಅರೆ ಒಣಗಿದ ಮಣ್ಣು ನೀರಿನಲ್ಲಿ ಗಂಟುಗಂಟಾಗಿಯೇ ಉಳಿಯುತ್ತದೆ. ಆಮೇಲೆ ಹಿಡಿಯ ಸಮೇತ ಬಕೆಟ್ಟಿಗೆ ಹಾಕಿದಾಗ ಸಣ್ಣಗೆ ಚುರುಗುಟ್ಟುತ್ತ ಗುಳ್ಳೆಗಳನ್ನು ಬಿಟ್ಟಿತು. ಅಂಚು ಪದರಪದರವಾಗಿ ಕಳಚಿ ಬಿತ್ತು. ಸಂಜೆ ಬಕೆಟ್ಟಿನ ತಳದಲ್ಲಿ ಲೋಟ ಯಾವುದು, ಹಿಡಿ ಯಾವುದು ಎಂದು ಗುರುತಿಸುವಂತಿರಲಿಲ್ಲ.